ಖಾರವಿಲ್ಲದ ಮೀನು

ಬಬ್ಬೂರಿನ ಗಿರಿಯಮ್ಮನ ಗಂಡ ಕರಿಸಿದ್ದಪ್ಪ ಸಿಡಿಲು ಬಡಿದು ಸತ್ತು ಆರು ತಿಂಗಳು ಕಳೆದಿತ್ತು. ಎಪ್ಪತ್ತನಾಲ್ಕನೇ ಇಸವಿಯ ಭರಣಿ ಮಳೆ ಅದು. ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದವನು ಮಳೆ ಬಂತೆಂದು ಹುಣಸೆಮರದ ಬುಡಕ್ಕೆ ಸರಿದಿದ್ದನಂತೆ. ಅವನ ಜೊತೆ ಹನ್ನೊಂದು ಕುರಿಗಳೂ ಸತ್ತವು. ಊರವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದಾಗ ಗಿರಿಯಮ್ಮ ಒಳಗಿನಿಂದ ಚಾಪೆ ತಂದು ಹಾಸಿದಳು. ಆಮೇಲೆ ಒಲೆಯ ಮೇಲಿದ್ದ ಎಸರು ಇಳಿಸಿ ಬಂದು ಕೂತಳು. ಅಳಲಿಲ್ಲ.

ತಿಥಿಯ ದಿನ ಪಕ್ಕದ ಮನೆಯ ವೀರಮ್ಮ ಅವಳ ಬೆನ್ನು ಸವರಿ, "ಅತ್ತುಬಿಡವ್ವ, ಒಳಗೇ ಇಟ್ಕಂಬ್ಯಾಡ," ಎಂದಿದ್ದಳು. ಗಿರಿಯಮ್ಮ ನಿಜವಾಗಿಯೂ ಪ್ರಯತ್ನಿಸಿದಳು. ಗಂಡನ ಮುಖವನ್ನು, ಅವನ ಕರಿ ಕೂದಲನ್ನು, ಅವನು ಕುರಿಗಳನ್ನು ಕರೆಯುತ್ತಿದ್ದ ದನಿಯನ್ನು ಒಂದೊಂದಾಗಿ ನೆನೆದಳು. ಎಲ್ಲ ನೆನಪಾದವು, ಕಣ್ಣು ಮಾತ್ರ ಒಣಗಿಯೇ ಇತ್ತು. ಮರುವಾರದಿಂದಲೇ ಕೃಷಿ ಫಾರಮ್ಮಿನ ಕೂಲಿಗೆ ಹೋದಳು. ಶೇಂಗಾ ಮಡಿಗಳಲ್ಲಿ ಕಳೆ ಕೀಳುವುದು, ಚೀಲಗಳಿಗೆ ಚೀಟಿ ಕಟ್ಟುವುದು. ಸಂಜೆ ಬಂದು ಮುದ್ದೆ ಕಟ್ಟುವುದು. ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡಿಕೊಂಡು ಹೋಗುತ್ತಿದ್ದವು.

ಮನೆಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಅವಳ ಮಾವ ಈರಬಸಪ್ಪ. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಉಳಿದ ಕುರಿಗಳನ್ನು ದಾಯಾದಿಗಳು ಮೇಯಿಸಿಕೊಂಡಿದ್ದರು. ಮಗ ಹೋದ ಎರಡು ತಿಂಗಳಿಗೆ ಈರಬಸಪ್ಪ ಒಂದು ಮುಂಜಾನೆ ರಕ್ತ ವಾಂತಿ ಮಾಡಿಕೊಂಡ. ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಆಪರೇಷನ್ ಮಾಡಿದ ಡಾಕ್ಟರು ಮನೆಗೆ ಕಳಿಸುವಾಗ ಗಿರಿಯಮ್ಮನಿಗೆ ನಾಲ್ಕು ಮಾತು ಹೇಳಿದ್ದರು. ಖಾರ ಬೇಡ, ಹುಳಿ ಬೇಡ, ಕರಿದದ್ದು ಬೇಡ. ಮಾಂಸದ ಸಾರಂತೂ ಬೇಡವೇ ಬೇಡ. ಆದರೆ ಮೈಯಲ್ಲಿ ಶಕ್ತಿ ಬರಬೇಕು, ಮೀನು ಸಿಕ್ಕರೆ ಮೆತ್ತಗೆ ಬೇಯಿಸಿಕೊಡು.

ಈರಬಸಪ್ಪ ಜೀವಮಾನವಿಡೀ ಖಾರ ತಿಂದ ಮನುಷ್ಯ. ಈಗ ಅಂಬಲಿಯನ್ನು ಎರಡು ಗುಟುಕು ಕುಡಿದು ಬಟ್ಟಲು ಸರಿಸುತ್ತಿದ್ದ. ಬೇಡವೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಿರಿಯಮ್ಮ ಉಣ್ಣಿರೆಂದು ಒತ್ತಾಯಿಸುತ್ತಿರಲಿಲ್ಲ. ಸರಿಸಿದ ಬಟ್ಟಲನ್ನು ತೊಳೆದಿಡುತ್ತಿದ್ದಳು. ಕಾರ್ತಿಕ ಮಾಸ ಬರುವ ಹೊತ್ತಿಗೆ ಮುದುಕನ ಭುಜದ ಎಲುಬುಗಳು ಕಂಬಳಿಯ ಮೇಲಿನಿಂದಲೇ ಕಾಣುತ್ತಿದ್ದವು. ಒಂದು ಶನಿವಾರ ವೀರಮ್ಮ ಬಾಗಿಲಲ್ಲಿ ನಿಂತು, "ನಿಮ್ಮ ಮಾವ ಸಂಕ್ರಾಂತಿ ಕಾಣಲ್ಲ ಕಣೆ," ಎಂದಳು. ಗಿರಿಯಮ್ಮ ತಿರುಗಿ ನೋಡಿದಳು. ಹೌದು ಅನಿಸಿತು. ಅನಿಸಿದ್ದಕ್ಕೆ ದುಃಖವಾಗಲಿಲ್ಲ. ದುಃಖವಾಗದೆ ಇದ್ದದ್ದೇ ಒಂದು ಥರಾ ಅನಿಸಿ, ಮರುದಿನ ಫಾರಮ್ಮಿಗೆ ರಜೆ ಇದ್ದುದರಿಂದ ಮಾರಿಕಣಿವೆ ಅಣೆಕಟ್ಟೆಗೆ ಹೋಗಿ ಮೀನು ತರುವುದೆಂದುಕೊಂಡಳು.

ಬೆಳಗಿನ ಬಸ್ಸು ಖಾಲಿಯಿತ್ತು. ಕಣಿವೆಯಲ್ಲಿ ಇಳಿದಾಗ ಬಿಸಿಲು ಏರಿರಲಿಲ್ಲ. ಕಟ್ಟೆಯ ಹಿಂದಿನ ನೀರಿನ ಅಂಚಿನಲ್ಲಿ ಹರಿಗೋಲುಗಳನ್ನು ಬೋರಲು ಹಾಕಿ ಮೀನುಗಾರರು ಬಲೆ ಬಿಡಿಸುತ್ತಿದ್ದರು. ಕಾಯಿಲೆಯವರಿಗೆ ಎಂದದ್ದಕ್ಕೆ ಒಬ್ಬಾತ ಗೆಂಡೆ ಬದಿಗಿಟ್ಟು, "ಹಂಗಾದ್ರೆ ಕೊರವ ತಗಳವ್ವ, ಮುಳ್ಳು ಕಮ್ಮಿ," ಎಂದು ಮೊಳದುದ್ದದ ಒಂದು ಮೀನು ಎತ್ತಿಕೊಟ್ಟ. ಅವಳು ಅದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮೀನೇನೋ ಸಿಕ್ಕಿತು. ಖಾರ, ಹುಣಸೆಹುಳಿ ಎರಡೂ ಇಲ್ಲದೆ ಮೀನು ಮಾಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರವಾಸಿ ಬಂಗಲೆಯ ಅಡುಗೆಯ ರಂಗಯ್ಯನನ್ನು ಕೇಳೋಣವೆಂದು ಮೆಟ್ಟಿಲು ಹತ್ತಿದಳು. ಬಂಗಲೆಗೆ ದೊಡ್ಡ ಸಾಹೇಬರು ಬಂದಾಗಲೆಲ್ಲ ಕರಿಸಿದ್ದಪ್ಪನೇ ಕುರಿಮರಿ ತಂದುಕೊಡುತ್ತಿದ್ದ. ಹಾಗಾಗಿ ರಂಗಯ್ಯನಿಗೆ ಅವಳ ಗುರುತಿತ್ತು. ಅರವತ್ತು ದಾಟಿದ ರಂಗಯ್ಯ ಅಡುಗೆಮನೆಯ ಹಿಂದಿನ ಜಗಲಿಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

"ಬಾರವ್ವ ಗಿರಿಯಮ್ಮ, ಕುಂತ್ಕ. ಮಣ್ಣಿಗೆ ಬರಾಕಾಗ್ಲಿಲ್ಲ ನನಗೆ. ಅವತ್ತು ಮಿನಿಸ್ಟ್ರು ಕ್ಯಾಂಪ್ ಇತ್ತು."

"ಇರ್ಲಿ ರಂಗಣ್ಣ," ಎಂದು ಅವಳು ಬಂದ ಕೆಲಸ ಹೇಳಿದಳು.

ರಂಗಯ್ಯ ಎಲೆ ಬಿಚ್ಚಿ ಮೀನು ನೋಡಿದ. ಕಿವಿರು ಎತ್ತಿ, ಕೆಂಪಗಿದೆ ಎಂದು ತಲೆಯಾಡಿಸಿದ.

"ಎಣ್ಣೆಗೆ ಹಾಕಬ್ಯಾಡ. ಕಡುಬು ಬೇಯಿಸ್ತೀಯಲ್ಲ, ಹಂಗೇ ಹಬೆಯಾಗೆ ಬೇಯಿಸು. ಉಪ್ಪು, ಚೂರು ಅರಿಶಿಣ, ಶುಂಠಿ ರಸ, ಅಷ್ಟೇಯ. ಮೇಲೆ ಸುರಿಯಾಕೆ ಒಂದು ಗಟ್ಟಿ ಸಾರು ಮಾಡು. ಬೆಣ್ಣೆಯಾಗೆ ಒಂದು ಚಮಚ ಹಿಟ್ಟು ಹುರುದು, ಹಾಲು ಹಾಕಿ ಕೈಯಾಡಿಸಿ, ಕೆನೆ ಹಾಕಿ, ಕೊತ್ತಂಬರಿ, ಸಬ್ಬಸಿಗೆ ಸಣ್ಣಗೆ ಹೆಚ್ಚಿ ಹಾಕಬೇಕು. ಇಂಗ್ಲಿಷ್ನೋರ ಕಾಲದಾಗೆ ನನ್ನ ಗುರು ಮಾಡ್ತಿದ್ದ ಅಡುಗೆ ಇದು. ಈಗಲೂ ಹೊಟ್ಟೆ ಸರಿಯಿಲ್ದಿರೋ ಇಂಜಿನಿಯರು ಬಂದ್ರೆ ಇದನ್ನೇ ಕೇಳ್ತಾರೆ."

"ಮೀನಿಗೆ ಹಾಲು ಹಾಕಿದ್ರೆ ತೊನ್ನು ಬತ್ತೈತೆ ಅಂತಾರಲ್ಲ ರಂಗಣ್ಣ."

"ಅಂತಾರೆ. ನಲವತ್ತು ವರ್ಷದಿಂದ ಮಾಡ್ಹಾಕಿದೀನಿ, ಯಾವ ಸಾಹೇಬ್ರಿಗೂ ಬಂದಿದ್ದು ನೋಡ್ಲಿಲ್ಲ. ಆದ್ರೆ ನಿಮ್ಮ ಮಾವ ಹಳೇ ಮನುಷ್ಯ, ಮೀನಿಗೆ ಹಾಲು ಅಂದ್ರೆ ಮುಟ್ಟಲ್ಲ. ತೆಂಗಿನಕಾಯಿ ಹಾಲು ಹಾಕು. ಅದೂ ಕೆನೆ ಇದ್ದಂಗೇ ಇರ್ತೈತೆ. ಒಂದೇ ಮಾತು, ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಬ್ಯಾಡ, ಒಡೀತೈತೆ."

ಅವಳು ತಲೆಯಾಡಿಸಿ ಎದ್ದಳು. ರಂಗಯ್ಯ ಅವಳನ್ನು ಮತ್ತೆ ಕೂರಿಸಿದ. ಅವನ ಕಾಲು ಇನ್ನು ನಿಲ್ಲುವುದಿಲ್ಲ, ಸಂಕ್ರಾಂತಿಗೆ ಕೆಲಸ ಬಿಟ್ಟು ಮಗಳ ಮನೆಗೆ ಹೋಗುತ್ತಾನೆ. ಅಡುಗೆಗೆ ಯಾರನ್ನಾದರೂ ನೋಡು ಎಂದು ಬಂಗಲೆಯ ಮೇಸ್ತ್ರಿ ಅವನಿಗೇ ಹೇಳಿದ್ದಾರೆ. ಹಿಂದೆ ಇರಲು ಒಂದು ಕೋಣೆಯೂ ಇದೆ ಎಂದ.

"ನೀನು ಬರ್ತೀಯೇನು? ಎರಡು ತಿಂಗಳು ಜೊತೆಗಿದ್ದು ಎಲ್ಲ ತೋರಿಸಿಕೊಡ್ತೀನಿ. ಕೈ ಸುಮ್ಕಿರಲ್ಲ ನಿಂದು, ಆಗ್ಲಿಂದ ನೋಡ್ತಿದೀನಿ."

ಗಿರಿಯಮ್ಮ ಕೆಳಗೆ ನೋಡಿದಳು. ಅವನ ಮಾತು ಕೇಳುತ್ತಲೇ ಮೊರದಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲ ಸುಲಿದಿಟ್ಟಿದ್ದಳು. ಯಾವಾಗ ಶುರು ಮಾಡಿದಳೋ ಅವಳಿಗೇ ತಿಳಿದಿರಲಿಲ್ಲ.

"ನೋಡ್ತೀನಿ," ಎಂದು ಎದ್ದು ಬಂದಳು.

ಮನೆಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಜಗಲಿಯ ಮೇಲೆ ಮಾವನ ಪಕ್ಕದಲ್ಲಿ ಅವಳ ಅಣ್ಣ ಗುಡ್ಡಪ್ಪ ಕೂತಿದ್ದ. ಹೊಳಲ್ಕೆರೆ ಸೀಮೆಯ ಬಿ.ದುರ್ಗದಿಂದ ಬೆಳಗ್ಗೆಯೇ ಹೊರಟು ಬಂದಿದ್ದ. ಕಾಲ ಬಳಿಯ ಚೀಲದಲ್ಲಿ ನಾಲ್ಕು ತೆಂಗಿನಕಾಯಿಗಳಿದ್ದವು. ಅವನು ಸುಮ್ಮನೆ ಬರುವವನಲ್ಲ, ಏನೋ ಇದೆ ಎಂದು ಅವಳಿಗೆ ಗೊತ್ತಾಯಿತು. ನೀರು ಕೊಟ್ಟು, ಒಂದು ಕಾಯಿ ತೆಗೆದುಕೊಂಡು ಒಳಗೆ ಹೋದಳು.

ಹಿತ್ತಿಲ ಕಲ್ಲಿನ ಮೇಲೆ ಮೀನಿಗೆ ಬೂದಿ ಹಚ್ಚಿ ಉಜ್ಜಿದಳು. ಹೊಟ್ಟೆ ಸೀಳಿ ತೆಗೆದು, ಮೂರು ನೀರಲ್ಲಿ ತೊಳೆದು, ಬೆರಳುದ್ದದ ತುಂಡು ಮಾಡಿದಳು. ಉಪ್ಪು, ಅರಿಶಿಣ, ಶುಂಠಿ ರಸ ಸವರಿಟ್ಟಳು. ಇಷ್ಟರಲ್ಲಿ ಜಗಲಿಯ ಮಾತು ಗೋಡೆ ದಾಟಿ ಬರತೊಡಗಿತ್ತು. ಗುಡ್ಡಪ್ಪ ದನಿ ತಗ್ಗಿಸಿ ಮಾತಾಡುವವನಲ್ಲ.

"ಚಿಕ್ಕಜಾಜೂರಾಗೆ ರೈಲ್ವೆ ಗ್ಯಾಂಗಿನಾಗೆ ಅದಾನೆ ಮಾವ. ಹೆಂಡ್ತಿ ಹೋಗಿ ವರ್ಷ ಆತು. ಎರಡು ಹೆಣ್ಣು ಹುಡುಗ್ರು. ಕುಡಿಯಲ್ಲ, ಗಿಡಿಯಲ್ಲ. ಗಂಡ ಸತ್ತೋಳನ್ನ ಉಡಿಕೆ ಮಾಡಿಕೊಡೋದು ನಮ್ಮಲ್ಲಿ ಹೊಸದೇನಲ್ಲ. ಆಕೀಗೆ ಇನ್ನೂ ಮೂವತ್ತು ತುಂಬಿಲ್ಲ."

ಗಿರಿಯಮ್ಮ ಕಾಯಿ ಒಡೆದು ತುರಿಯಲು ಕೂತಳು. ಗ್ಯಾಂಗಿನವನು, ಎರಡು ಹೆಣ್ಣು ಮಕ್ಕಳು. ಯಾರೋ ಬಸ್ಸಿನಲ್ಲಿ ಯಾರದೋ ಸುದ್ದಿ ಹೇಳಿಕೊಳ್ಳುತ್ತಿದ್ದರೆ ಕೇಳುವ ಹಾಗೆ ಕೇಳಿದಳು. ತುರಿದ ಕಾಯನ್ನು ಒರಳಿಗೆ ಹಾಕಿ, ಬೆಚ್ಚನೆಯ ನೀರು ಚಿಮುಕಿಸುತ್ತ ರುಬ್ಬಿದಳು. ತೆಳ್ಳನೆಯ ಬಟ್ಟೆಯಲ್ಲಿ ಹಿಂಡಿದಾಗ ಮೊದಲ ಹಾಲು ಬಿಳಿಯಾಗಿ, ಗಟ್ಟಿಯಾಗಿ ಬಂತು. ಅದನ್ನು ಬೇರೆ ಇಟ್ಟಳು. ಹಿಪ್ಪೆಗೆ ಮತ್ತೆ ನೀರು ಹಾಕಿ ಎರಡನೇ ಹಾಲು ತೆಗೆದಳು. ಹಿತ್ತಿಲಿನ ಮಡಿಯಲ್ಲಿ ಕೊತ್ತಂಬರಿ, ಸಬ್ಬಸಿಗೆ ಎರಡೂ ಎಳೆಯದಾಗಿ ಎದ್ದಿದ್ದವು. ಕಿತ್ತು ತಂದು, ಬೇರು ಕತ್ತರಿಸಿ, ಸಣ್ಣಗೆ ಹೆಚ್ಚಿದಳು.

"ನೀವಾದ್ರೂ ಒಂದು ಮಾತು ಹೇಳ್ರಿ ಮಾವ," ಎಂದ ಗುಡ್ಡಪ್ಪ ಹೊರಗೆ.

"ಹೇಳೋಳು ಒಳಗೆ ಅದಾಳೆ," ಎಂದ ಈರಬಸಪ್ಪ.

ಪಾತ್ರೆಯಲ್ಲಿ ನೀರಿಟ್ಟು, ಮೇಲೆ ಹುಲ್ಲು ಹರಡಿ, ಬಾಳೆಲೆ ಹಾಸಿ, ಮೀನಿನ ತುಂಡುಗಳನ್ನು ಜೋಡಿಸಿ ಮುಚ್ಚಿದಳು. ಇನ್ನೊಂದು ಒಲೆಯ ಮೇಲೆ ಎರಡನೇ ಹಾಲಿಗೆ ಒಂದು ಚಮಚ ಅಕ್ಕಿಹಿಟ್ಟು ಕದಡಿ ಹಾಕಿ, ತಳ ಹಿಡಿಯದಂತೆ ಕೈಯಾಡಿಸಿದಳು. ಮಂದವಾಗುತ್ತ ಬಂದಾಗ ಸೊಪ್ಪು ಹಾಕಿದಳು. ಉರಿ ಹಿಂದಕ್ಕೆ ಎಳೆದು ಗಟ್ಟಿ ಹಾಲು ಸುರಿದಳು. ಸೊಪ್ಪಿನ ಹಸಿರು ಬಿಳಿಯೊಳಗೆ ಬಿಟ್ಟುಕೊಂಡು ಎಳೆ ಹುಲ್ಲಿನ ಬಣ್ಣ ಬಂತು. ಅಂಗೈಗೆ ಹಾಕಿ ನೆಕ್ಕಿ ನೋಡಿದಳು. ಉಪ್ಪು ಸಾಕೋ ಸಾಲದೋ ತಿಳಿಯಲಿಲ್ಲ. ಈ ಆರು ತಿಂಗಳಲ್ಲಿ ಯಾವುದರ ಉಪ್ಪೂ ಅವಳಿಗೆ ತಿಳಿದಿರಲಿಲ್ಲ, ಅಂದಾಜಿನ ಮೇಲೆ ಹಾಕಿಕೊಂಡು ಬಂದಿದ್ದಳು. ಈಗಲೂ ಹಾಗೆಯೇ ಮಾಡಿದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರನ್ನೂ ಉಣ್ಣಲು ಕರೆದಳು. ಮಾವನಿಗೆ ಮೆತ್ತನೆಯ ಸಣ್ಣ ಮುದ್ದೆ, ಅಣ್ಣನಿಗೆ ದೊಡ್ಡದು. ಮೀನಿನ ತುಂಡಿಟ್ಟು ಮೇಲೆ ಸಾರು ಸುರಿದಳು.

ಈರಬಸಪ್ಪ ತಟ್ಟೆ ನೋಡಿದ. "ಹಾಲು ಹಾಕಿಲ್ಲ ತಾನೆ?"

"ಕಾಯಿ ಹಾಲು ಮಾವ. ನಿಮ್ಮ ಊಟಕ್ಕೆ ಆಗ್ತೈತಂತೆ."

ಗುಡ್ಡಪ್ಪ ಒಂದು ತುತ್ತು ತಿಂದು, "ಖಾರ ಒಂದಿಲ್ಲ ನೋಡು," ಎಂದ. ಆದರೆ ಎರಡನೆಯದಕ್ಕೂ ಕೈ ಹಾಕಿದ. ಈರಬಸಪ್ಪ ಮೀನನ್ನು ಬೆರಳಲ್ಲಿ ಮುರಿದು ಸಾರಿಗೆ ಒತ್ತಿ, ಮುದ್ದೆಯ ಚೂರಿನೊಂದಿಗೆ ಬಾಯಿಗಿಟ್ಟುಕೊಂಡ. ನಿಧಾನಕ್ಕೆ ನುಂಗಿದ. ಮತ್ತೊಂದು ತುತ್ತು. ತಟ್ಟೆ ಸರಿಸುವ ಹೊತ್ತಾಯಿತೆಂದು ಗಿರಿಯಮ್ಮ ಕೈ ಚಾಚಿದಳು. ಅವನು ಸರಿಸಲಿಲ್ಲ.

"ಅವತ್ತು ಕುರಿ ಕಾಯೋ ಪಾಳಿ ನಂದು," ಎಂದ. ಯಾರೂ ಏನೂ ಕೇಳಿರಲಿಲ್ಲ.

"ಗೊತ್ತು ಮಾವ."

"ಹೊಟ್ಟೆ ಹಿಡ್ಕಂಡು ಮಲಗಿದ್ದೆ. ತಡಿಲಾರದಷ್ಟು ನೋವೇನಿರ್ಲಿಲ್ಲ. ಎದ್ದು ಹೋಗಬೌದಾಗಿತ್ತು." ಅವನು ತಟ್ಟೆಯನ್ನೇ ನೋಡುತ್ತಿದ್ದ. "ಯಾರಿಗೂ ಹೇಳಿರ್ಲಿಲ್ಲ ಇದನ್ನ. ಆಸ್ಪತ್ರೆಯಾಗೆ ಮೂಗಿಗೆ ಔಷಧಿ ಹಿಡಿದಾಗ, ಇನ್ನು ಎಚ್ಚರ ಆಗ್ದಿದ್ರೆ ಸಾಕು ಅಂದ್ಕಂಡೆ. ಎಚ್ಚರ ಆತು ನೋಡು."

ಗುಡ್ಡಪ್ಪ ಅಗಿಯುವುದನ್ನು ನಿಲ್ಲಿಸಿದ. ಗಿರಿಯಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು. ಅವಳ ಒಳಗೆ ಏನೂ ಅಲುಗಾಡಲಿಲ್ಲ. ಹೇಳಬೇಕಾದದ್ದು ಮಾತ್ರ ಸಾಲಾಗಿ ನಿಂತಿತ್ತು. ಹೇಳಿದಳು.

"ಅವರು ಹಿರಿಯೂರು ಸಂತೆಗೆ ಹೋಗಾಕೆ ಅಂಗಿ ಹಾಕ್ಕಂಡು ನಿಂತಿದ್ರು ಮಾವ. ಮಾವಗೆ ಆಗಲ್ಲ, ಕುರಿ ನೀವೇ ಹೊಡ್ಕಂಡು ಹೋಗ್ರಿ ಅಂತ ನಾನಂದೆ. ನಾಳೆ ಹೊಡುದ್ರಾತು, ಇವತ್ತು ಹಟ್ಟಿಯಾಗೇ ಇರ್ಲಿ ಅಂದ್ರು. ಮೇವಿಲ್ಲ, ಹೋಗ್ರಿ ಅಂತ ಇನ್ನೊಂದ್ಸಲ ಅಂದೆ. ಅಂಗಿ ಬಿಚ್ಚಿಟ್ಟು ಹೋದ್ರು. ಕಳಿಸಿದೋಳು ನಾನು."

"ನೀನು ಹಂಗಂದಿದ್ದು ನಾನು ಮಲಗಿದ್ದು ನೋಡಿ," ಎಂದ ಈರಬಸಪ್ಪ.

"ನಿಮ್ಮ ಹೊಟ್ಟೆಯಾಗೆ ಹುಣ್ಣಿತ್ತು ಮಾವ. ಡಾಕ್ಟ್ರು ಕುಯ್ದು ನೋಡವ್ರೆ. ನೋವಿರ್ಲಿಲ್ಲ ಅಂತ ನೀವೇ ಹೇಳ್ಕಂಡ್ರೆ ಆಗ್ತೈತಾ?"

ಮುದುಕ ಉಳಿದಿದ್ದ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ತಿಂದ. ತಟ್ಟೆ ಬರಿದಾಯಿತು. ಆಮೇಲೆ, "ಇನ್ನೊಂದು ತುಂಡು ಹಾಕವ್ವ," ಎಂದ.

ಅವಳು ಹಾಕಿದಳು. "ಉಪ್ಪು ಆಗೈತಾ?"

"ಚೂರು ಕಮ್ಮಿ. ಇರ್ಲಿ."

ಬೆಳಗ್ಗೆ ಅಣ್ಣನನ್ನು ಕಳಿಸಲು ಬಸ್ಸಿನ ತನಕ ಹೋದಳು. ಗುಡ್ಡಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ರಾತ್ರಿಯೆಲ್ಲ ಯೋಚಿಸಿ ಮಾತು ಜೋಡಿಸಿಟ್ಟುಕೊಂಡಿದ್ದ ಎಂದು ಕಾಣುತ್ತಿತ್ತು.

"ಆ ಮನುಷ್ಯಂಗೆ ನಾನು ಏನಂತ ಹೇಳ್ಲಿ?"

"ಬ್ಯಾರೆ ಹೆಣ್ಣು ನೋಡ್ಕಳಾಕೆ ಹೇಳಣ್ಣ. ಆತ ಒಳ್ಳೇನೇ ಇರಬೌದು. ಆ ಮಕ್ಕಳ ಮುಂದೆ ಹೋಗಿ ನಿಂತ್ರೆ ನನ್ನ ಕೈಲಿ ಏನೂ ಕೊಡಾಕಾಗಲ್ಲ ಈಗ. ಅವಕ್ಕೆ ಮೋಸ ಆಗ್ತೈತೆ."

"ಮುಂದಕ್ಕೆ?"

"ಮುಂದಿನದು ನಂಗೊತ್ತಿಲ್ಲ. ಮಾರಿಕಣಿವೆ ಬಂಗಲೆಯಾಗೆ ಅಡುಗೆ ಕೆಲಸ ಐತಂತೆ. ಮಾವನ್ನ ಕರ್ಕಂಡು ಅಲ್ಲಿಗೆ ಹೋಗ್ತೀನಿ."

ಗುಡ್ಡಪ್ಪ ಬೈಯಬಹುದೆಂದುಕೊಂಡಿದ್ದಳು. ಅವನು ಬೈಯಲಿಲ್ಲ. ಬಸ್ಸು ಬಂದಾಗ ಹತ್ತಿ, ಕಿಟಕಿಯಿಂದ, "ಉಳಿದ ಕಾಯಿ ಬಿಸಿಲಿಗಿಡಬ್ಯಾಡ," ಎಂದಷ್ಟೇ ಹೇಳಿದ.

ಸಂಕ್ರಾಂತಿಗೆ ಮುಂಚೆಯೇ ಅವರು ಬಂಗಲೆಯ ಹಿಂದಿನ ಕೋಣೆಗೆ ಬಂದರು. ರಂಗಯ್ಯ ಹೇಳಿದಂತೆ ಜೊತೆಗಿದ್ದು ಕಲಿಸಿದ. ಸಾಹೇಬರುಗಳಿಗೆ ಟೀ ಎಷ್ಟು ಹೊತ್ತಿಗೆ, ಯಾವ ಇಲಾಖೆಯವರು ಅನ್ನ ಹೆಚ್ಚು ತಿನ್ನುತ್ತಾರೆ, ಮೊಟ್ಟೆ ಹೇಗೆ ಒಡೆಯಬೇಕು, ಬೆಣ್ಣೆಯಲ್ಲಿ ಹಿಟ್ಟು ಎಷ್ಟು ಹುರಿಯಬೇಕು. ಹೋಗುವ ದಿನ ತನ್ನ ಸೌಟುಗಳನ್ನೆಲ್ಲ ಅಲ್ಲೇ ಬಿಟ್ಟು ಹೋದ. ಈರಬಸಪ್ಪ ವಾರಕ್ಕೆರಡು ಸಲ ಮೀನು ತಿಂದ. ಭುಜ ತುಂಬಿಕೊಂಡಿತು. ಸಂಜೆಗಳಲ್ಲಿ ಕಟ್ಟೆಯ ಮೇಲೆ ನಡೆದು ಬಂದು, ನೀರು ಎಷ್ಟು ಇಳಿದಿದೆ ಎಂದು ಸೊಸೆಗೆ ವರದಿ ಒಪ್ಪಿಸುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಮೊದಲಿನ ಮೌನದ ಹಾಗೆ ಇರಲಿಲ್ಲ ಅದು. ಗಿರಿಯಮ್ಮ ಮಾತ್ರ ಹಾಗೆಯೇ ಇದ್ದಳು. ಎದ್ದಳು, ಬೇಯಿಸಿದಳು, ಬಡಿಸಿದಳು, ತೊಳೆದಳು, ಮಲಗಿದಳು.

ಮುಂದಿನ ಬೇಸಿಗೆಯಲ್ಲಿ ಒಬ್ಬ ಸರ್ವೆ ಅಧಿಕಾರಿ ಹೆಂಡತಿಯೊಂದಿಗೆ ಬಂದು ನಾಲ್ಕು ದಿನ ಉಳಿದರು. ಆಕೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದವಳು. ಆದರೆ ಜೊತೆಯಲ್ಲಿ ಕೂಸಿರಲಿಲ್ಲ, ಯಾಕೆಂದು ಗಿರಿಯಮ್ಮ ಕೇಳಲಿಲ್ಲ. ಗಂಡ ಜೀಪಿನಲ್ಲಿ ಹೋದ ಮೇಲೆ ಆಕೆ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂರುತ್ತಿದ್ದಳು. ಮೂರನೇ ದಿನ ಗಿರಿಯಮ್ಮ ಮೀನಿನ ಸಾರಿಗೆ ಹಾಲು ಕಾಯಿಸುತ್ತಿದ್ದಾಗ ಆಕೆ ಕೇಳಿದಳು.

"ನಿಮ್ಮ ಯಜಮಾನರು ಏನು ಮಾಡ್ತಿದ್ರು?"

"ಕುರಿ ಕಾಯ್ತಿದ್ರು," ಎಂದಳು ಗಿರಿಯಮ್ಮ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಇದುವರೆಗೆ ಕೇಳಿದವರಿಗೆಲ್ಲ ಅಷ್ಟೇ ಹೇಳಿದ್ದಳು. ಈ ಸಲ ಮುಂದುವರಿಸಿದಳು. ಅವನು ಕುರಿಗಳಿಗೆಲ್ಲ ಹೆಸರಿಟ್ಟಿದ್ದು ಹೇಳಿದಳು. ಸಂತೆಗೆಂದು ಹಾಕಿದ್ದ ಅಂಗಿಯ ಬಣ್ಣ ಹೇಳಿದಳು. ಆ ದಿನ ಬೆಳಗ್ಗೆ ಅವನು ಏನು ಉಂಡ, ಬಾಗಿಲು ದಾಟುವಾಗ ಕಂಬಳಿ ಬೇಡವೆಂದು ಬಿಟ್ಟುಹೋಗಿ ಮತ್ತೆ ವಾಪಸು ಬಂದು ತೆಗೆದುಕೊಂಡದ್ದು, ಅದೇ ಕಂಬಳಿಯಲ್ಲಿ ಅವನನ್ನು ತಂದದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಹಾಲು ಉಕ್ಕಿ ಪಾತ್ರೆಯ ಅಂಚಿನಿಂದ ಒಲೆಗೆ ಸುರಿಯಿತು. ಗಿರಿಯಮ್ಮನಿಗೆ ಅದು ಕಾಣಲಿಲ್ಲ. ಅಧಿಕಾರಿಯ ಹೆಂಡತಿ ಎದ್ದು ಸೆರಗಿನಲ್ಲಿ ಪಾತ್ರೆ ಹಿಡಿದು ಇಳಿಸಿ, ಮತ್ತೆ ಬಂದು ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆಮೇಲೆ?" ಎಂದಳು.

ಗಿರಿಯಮ್ಮ ಆಮೇಲೇನೆಂದು ಹೇಳಲು ಬಾಯಿ ತೆರೆದಳು. ಕೆನ್ನೆ ಒದ್ದೆಯಾಗಿತ್ತು. ಹೊಗೆ ಇರಬೇಕೆಂದು ಒರೆಸಿಕೊಂಡಳು. ಮತ್ತೆ ಒದ್ದೆಯಾಯಿತು. ಆಕೆ ಕಾಯುತ್ತ ಕೂತಿದ್ದಳು. ಹೊರಗೆ ಈರಬಸಪ್ಪ ಯಾರಿಗೋ ಕಟ್ಟೆಯ ದಾರಿ ತೋರಿಸುತ್ತಿದ್ದ ದನಿ ಕೇಳುತ್ತಿತ್ತು. ಗಿರಿಯಮ್ಮ ಬಹಳ ಹೊತ್ತು ಹಾಗೆಯೇ ಕೂತಿದ್ದು, ಆಮೇಲೆ ಎದ್ದು ಒಲೆಯನ್ನು ಒರೆಸಿ, ಬೇರೆ ಹಾಲು ಇಟ್ಟಳು.